ಕಡಲತೀರದ ಮಧ್ಯಮ ತರಂಗ ಡಿಎಕ್ಸಿಂಗ್

ಮಹಾಸಾಗರದ ದಂಡೆಯಲ್ಲಿ ಆಂಟೆನಾ ಕಟ್ಟಿ, ಆಚೆ ದಡದ ಎಎಂ ಬಾನುಲಿ ನಿಲಯಗಳನ್ನು ಹುಡುಕಿ ಕೇಳುವ ಹವ್ಯಾಸ. ದೂರದ ನಿಲಯಗಳ ಬೇಟೆಯನ್ನು ರೇಡಿಯೊ ಹವ್ಯಾಸಿಗಳು ಡಿಎಕ್ಸಿಂಗ್ ಎನ್ನುತ್ತಾರೆ. ಅದಕ್ಕೆಂದೇ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟು ಹೊರಟರೆ ಅದು ಡಿಎಕ್ಸ್‌ಪೆಡಿಷನ್. ಶಾರ್ಟ್‌ವೇವ್‌ನಲ್ಲಿ ಭೂಮಿಯ ಇನ್ನೊಂದು ಮಗ್ಗುಲಿನ ದನಿ ಕೇಳಿಸಿದರೆ ಅದರಲ್ಲಿ ಅಚ್ಚರಿಯಿಲ್ಲ, ಆ ಪ್ರಸಾರ ಇರುವುದೇ ದೂರದವರಿಗಾಗಿ. ಮೀಡಿಯಂ ವೇವ್ ನಿಲಯದ ಮಾತು ಬೇರೆ. ತನ್ನ ಜಿಲ್ಲೆಗೆ, ಹೆಚ್ಚೆಂದರೆ ತನ್ನ ರಾಜ್ಯಕ್ಕೆ ಪೇಟೆಧಾರಣೆ, ಹವಾಮಾನ, ಹಾಡು, ವಾರ್ತೆ ತಲುಪಿಸುವುದಷ್ಟೇ ಅದರ ಕೆಲಸ. ಜಪಾನಿನ ಅಕಿತಾ ಪ್ರಾಂತದ ಮನೆಗಳಿಗೆಂದು ಹೊರಟ ಮಾತು ಅಮೆರಿಕದ ವಾಷಿಂಗ್ಟನ್ ರಾಜ್ಯದ ಮರಳಿನ ಮೇಲೆ ಕೇಳಿಸುವುದು ಯಾರೂ ಯೋಜಿಸದ ಸಂಗತಿ. ಹವ್ಯಾಸದ ರುಚಿಯೆಲ್ಲ ಆ ಆಕಸ್ಮಿಕದಲ್ಲಿದೆ.

ದಂಡೆಯಲ್ಲಿ ಚೆನ್ನಾಗಿ ಕೇಳಿಸುವುದೇಕೆ ಎಂದರೆ ಎದುರಿಗೆ ಬೆಟ್ಟಗುಡ್ಡ, ಕಟ್ಟಡಗಳ ಅಡ್ಡಿಯಿಲ್ಲವಲ್ಲ ಎನ್ನುವುದು ಥಟ್ಟನೆ ಹೊಳೆಯುವ ಉತ್ತರ. ಅದು ಅರ್ಧ ಸತ್ಯವೂ ಅಲ್ಲ. ನಿಜವಾದ ಕಾರಣಗಳು ಉಪ್ಪುನೀರು ಮತ್ತು ಸೂರ್ಯೋದಯದ ವೇಳೆ. ಇವೆರಡನ್ನು ತಿಳಿದರೆ ಯಾವ ದಂಡೆಗೆ, ಯಾವ ತಿಂಗಳಲ್ಲಿ, ದಿನದ ಯಾವ ಗಳಿಗೆಯಲ್ಲಿ ಹೋಗಬೇಕೆಂಬುದು ತಾನಾಗಿ ತಿಳಿಯುತ್ತದೆ.

ಹಗಲು, ಇರುಳು

ಮೀಡಿಯಂ ವೇವ್ ಪಟ್ಟಿ ಭಾರತವೂ ಸೇರಿದಂತೆ ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ 531ರಿಂದ 1602 ಕಿಲೋಹರ್ಟ್ಸ್ ವರೆಗೆ, ಅಮೆರಿಕ ಖಂಡಗಳಲ್ಲಿ 530ರಿಂದ 1700 ಕಿಲೋಹರ್ಟ್ಸ್ ವರೆಗೆ ಹರಡಿಕೊಂಡಿದೆ. ತರಂಗದ ಉದ್ದ ಸುಮಾರು 565 ಮೀಟರಿನಿಂದ 180 ಮೀಟರಿನ ಆಸುಪಾಸು. ಹಗಲಿನಲ್ಲಿ ಈ ತರಂಗಗಳು ನೆಲಕ್ಕೆ ಅಂಟಿಕೊಂಡೇ ಸಾಗುತ್ತವೆ. ಮೇಲಕ್ಕೆ ಹೋದದ್ದನ್ನು ಅಯಾನುಗೋಳದ ಕೆಳಪದರ, ಅಂದರೆ ಡಿ ಪದರ, ನುಂಗಿಬಿಡುತ್ತದೆ. ಬಿಸಿಲಿದ್ದರಷ್ಟೇ ಡಿ ಪದರ ಉಂಟು. ಹೊತ್ತು ಮುಳುಗಿದ ಕೆಲವೇ ನಿಮಿಷಗಳಲ್ಲಿ ಅದು ಕ್ಷೀಣಿಸಿ, ತರಂಗಗಳು ಅದಕ್ಕೂ ಮೇಲಿನ ಇ ಮತ್ತು ಎಫ್ ಪದರಗಳನ್ನು ಮುಟ್ಟಿ ಕೆಳಕ್ಕೆ ಬಾಗುತ್ತವೆ. ಎಫ್ ಪದರದಿಂದ ಒಂದು ಸಲ ಪುಟಿದರೆ ಹೆಚ್ಚೆಂದರೆ 4,000 ಕಿಲೋಮೀಟರ್. ಕೆಳಗೆ ಸಮುದ್ರವಿದ್ದರೆ ಅಲ್ಲಿಂದ ಹೆಚ್ಚು ನಷ್ಟವಿಲ್ಲದೆ ಮತ್ತೆ ಪುಟಿದು ಮತ್ತಷ್ಟು ದೂರ.

ಹಗಲಿರುಳಿನ ಈ ವ್ಯತ್ಯಾಸವನ್ನು ಮೊದಲು ಅಳೆದು ಬರೆದಿಟ್ಟವನು ಮಾರ್ಕೋನಿ. 1902ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಎಂಬ ಹಡಗಿನಲ್ಲಿ ಅಟ್ಲಾಂಟಿಕ್ ದಾಟುತ್ತ ಇಂಗ್ಲೆಂಡಿನ ಪೋಲ್ಡೂ ನಿಲಯವನ್ನು ಆಲಿಸಿದಾಗ, ಹಗಲಿನಲ್ಲಿ ಸುಮಾರು 1,100 ಕಿಲೋಮೀಟರಿಗೇ ಸದ್ದಡಗಿದ ಸಂಜ್ಞೆ ರಾತ್ರಿ 3,300 ಕಿಲೋಮೀಟರ್ ದಾಟಿಯೂ ಕೇಳಿಸಿತು. ಅದಕ್ಕೆ ಎರಡು ತಿಂಗಳ ಹಿಂದೆ, 1901ರ ಡಿಸೆಂಬರ್ 12ರಂದು, ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್‌ನಲ್ಲಿ ಗಾಳಿಪಟಕ್ಕೆ ತಂತಿ ಕಟ್ಟಿ ಇದೇ ಪೋಲ್ಡೂವಿನ ಸಂಜ್ಞೆ ಕೇಳಿದೆನೆಂದು ಆತ ಸಾರಿದ್ದ. ಅದು ನಡುಹಗಲು. ಡಿ ಪದರ ಗಟ್ಟಿಯಾಗಿರುವ ಹೊತ್ತಿನಲ್ಲಿ ಅದು ಹೇಗೆ ಸಾಧ್ಯವಾಯಿತೆಂಬ ವಾದ ನೂರು ವರ್ಷ ಕಳೆದರೂ ಮುಗಿದಿಲ್ಲ. ಕಡಲ ದಂಡೆಯ ಡಿಎಕ್ಸ್‌ಗೆ ಒಬ್ಬ ಮೂಲಪುರುಷ ಬೇಕೇಬೇಕು ಎನ್ನುವವರು ಮಾರ್ಕೋನಿಯನ್ನೇ ಹೆಸರಿಸುತ್ತಾರೆ. ಹಡಗಿನ ದಾಖಲೆಯನ್ನು ನಂಬಬಹುದು, ಗುಡ್ಡದ ಮೇಲಿನದರ ಬಗ್ಗೆ ಅನುಮಾನ ಇಟ್ಟುಕೊಳ್ಳುವುದೇ ಮೇಲು.

ತರಂಗಗಳನ್ನು ಕೆಳಕ್ಕೆ ಬಾಗಿಸುವ ಪದರವೊಂದು ಆಕಾಶದಲ್ಲಿ ಇರಬೇಕೆಂದು ಎಂಜಿನಿಯರುಗಳಾದ ಕೆನೆಲಿ ಮತ್ತು ಹೆವಿಸೈಡ್ 1902ರಲ್ಲಿ ಬೇರೆ ಬೇರೆಯಾಗಿಯೇ ಊಹಿಸಿದರು. ಅದನ್ನು ಪ್ರಯೋಗದಿಂದ ಸಾಬೀತುಪಡಿಸಿದವನು ಎಡ್ವರ್ಡ್ ಆ್ಯಪಲ್ಟನ್. 1924ರ ಡಿಸೆಂಬರಿನಲ್ಲಿ ಆತ ಬಳಸಿಕೊಂಡದ್ದು ಕಡಲೂರು ಬೋರ್ನ್‌ಮತ್‌ನಲ್ಲಿದ್ದ ಬಿಬಿಸಿಯ ಮೀಡಿಯಂ ವೇವ್ ಪ್ರೇಷಕವನ್ನೇ. 1947ರಲ್ಲಿ ಅವನಿಗೆ ನೊಬೆಲ್ ಬಂತು.

ಉಪ್ಪುನೀರಿನ ಉಪಕಾರ

ಸಮುದ್ರದ ನೀರಿನ ವಿದ್ಯುತ್ ವಾಹಕತೆ ಮೀಟರಿಗೆ ಸುಮಾರು 5 ಸೀಮೆನ್ಸ್. ಒಳ್ಳೆಯ ಹೊಲದ ಮಣ್ಣಿನದು ಅದರ ನೂರರಲ್ಲೊಂದು ಪಾಲಿನ ಆಸುಪಾಸು; ಒಣ ಮರಳು, ಕಲ್ಲುನೆಲದ್ದು ಸಾವಿರದಲ್ಲೊಂದಕ್ಕೂ ಕಡಿಮೆ. ಏಳೆಂಟು ಸಾವಿರ ಕಿಲೋಮೀಟರ್ ದೂರದಿಂದ ಬರುವ ತರಂಗ ನೆತ್ತಿಯ ಮೇಲಿಂದ ಇಳಿಯುವುದಿಲ್ಲ. ದಿಗಂತಕ್ಕಿಂತ ಕೆಲವೇ ಡಿಗ್ರಿ ಮೇಲಿಂದ, ಬಹುತೇಕ ನೆಲಕ್ಕೆ ಸಮವಾಗಿ ಬರುತ್ತದೆ. ಹೀಗೆ ತಗ್ಗಿನಿಂದ ಬರುವ ತರಂಗಕ್ಕೆ ಸಾಧಾರಣ ನೆಲ ಶತ್ರು. ನೇರವಾಗಿ ಬಂದದ್ದೂ ನೆಲಕ್ಕೆ ಬಡಿದು ಬಂದದ್ದೂ ಒಂದನ್ನೊಂದು ಹೊಡೆದುಹಾಕಿ, ಆಂಟೆನಾಕ್ಕೆ ದಕ್ಕುವುದು ಚೂರುಪಾರು ಮಾತ್ರ. ಉಪ್ಪುನೀರಿನ ಮೇಲೆ ಹಾಗಾಗುವುದಿಲ್ಲ, ಎರಡೂ ಕೂಡಿಕೊಂಡು ಬಲವಾಗುತ್ತವೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕಾಚಾರದ ಸೂತ್ರಗಳಲ್ಲಿ ಇದಕ್ಕೆ ಪ್ರತ್ಯೇಕವಾದ ಬಾಬು ಇದೆ. ದೂರದ ಹಾದಿಗಳಲ್ಲಿ ಕಡಲಂಚಿನ ಕೇಳುಗನಿಗೆ 10 ಡೆಸಿಬೆಲ್ ವರೆಗೂ ಲಾಭ ಸಿಗಬಹುದು, ಅಂದರೆ ಪ್ರೇಷಕದ ಶಕ್ತಿ ಹತ್ತು ಪಟ್ಟಾದಂತೆ. ಪ್ರೇಷಕವೂ ಕಡಲಂಚಿನಲ್ಲೇ ಇದ್ದರೆ ಆ ತುದಿಯ ಲಾಭ ಬೇರೆ. ನೀರಿನಿಂದ ಕೆಲವು ಕಿಲೋಮೀಟರ್ ಒಳನಾಡಿಗೆ ಸರಿದರೆ ಇದು ಕರಗುತ್ತ ಹೋಗುತ್ತದೆ. ದಂಡೆಯ ಮೇಲೆ ಕೇಳಿಸಿದ ನಿಲಯ ಪಕ್ಕದ ಪೇಟೆಯ ಹೋಟೆಲ್ ಕೋಣೆಯಲ್ಲಿ ಮಾಯವಾಗುವುದು ಇದರಿಂದಲೇ.

ಪೇಟೆಯಲ್ಲಿ ಇನ್ನೊಂದು ಕಾಟವೂ ಇದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಸೌರಫಲಕದ ಇನ್ವರ್ಟರು ಇವೆಲ್ಲ ಮೀಡಿಯಂ ವೇವ್ ಪಟ್ಟಿಯ ತುಂಬ ಗುಂಯ್‌ಗುಡುತ್ತವೆ. 1970ರ ದಶಕದಲ್ಲಿ ಮನೆಯ ಮಹಡಿಯಲ್ಲಿ ಕೂತು ಕೇಳಬಹುದಾಗಿದ್ದನ್ನು ಈಗ ಕೇಳಲು ಊರಾಚೆ ಹೋಗಬೇಕಾಗಿದೆ. ಜನರು ದಂಡೆಗೆ ಹೋಗುವುದು ಎಷ್ಟೋ ಸಲ ಕಡಲಿನ ಲಾಭಕ್ಕಿಂತ ವಿದ್ಯುತ್ ತಂತಿಗಳ ಕಾಟ ತಪ್ಪಿಸಿಕೊಳ್ಳುವುದಕ್ಕೆ.

ಬೆಳಗಿನ ಗಳಿಗೆ

ಉತ್ತರ ಅಮೆರಿಕದ ಪಶ್ಚಿಮ ದಂಡೆಯಲ್ಲಿ ನಿಂತವನ ಬೆನ್ನ ಹಿಂದೆ ಸಾವಿರಾರು ಅಮೆರಿಕನ್ ನಿಲಯಗಳಿವೆ. ರಾತ್ರಿಯೆಲ್ಲ ಅವುಗಳದೇ ಗದ್ದಲ. ಬೆಳಗಾಗುವುದು ಪೂರ್ವದಿಂದ. ನ್ಯೂಯಾರ್ಕಿನಲ್ಲಿ ಸೂರ್ಯ ಹುಟ್ಟಿ ಮೂರು ಗಂಟೆಯಾದ ಮೇಲೆ ವಾಷಿಂಗ್ಟನ್ ರಾಜ್ಯದ ದಂಡೆಗೆ ಬೆಳಕು. ಅಷ್ಟರಲ್ಲಿ ಬೆನ್ನ ಹಿಂದಿನ ಆಕಾಶದಲ್ಲಿ ಡಿ ಪದರ ಕಟ್ಟಿಕೊಂಡು, ಪೂರ್ವದ ನಿಲಯಗಳು ಒಂದೊಂದಾಗಿ ಅಡಗಿರುತ್ತವೆ. ಎದುರಿಗೆ ಪೆಸಿಫಿಕ್ ಇನ್ನೂ ಕತ್ತಲಲ್ಲಿರುತ್ತದೆ. ಅಕ್ಟೋಬರಿನಲ್ಲಿ ಆ ದಂಡೆಯಲ್ಲಿ ಸೂರ್ಯ ಹುಟ್ಟುವಾಗ ಟೋಕಿಯೊದಲ್ಲಿ ನಡುರಾತ್ರಿ ಸಮೀಪಿಸಿರುತ್ತದೆ. ಸೂರ್ಯೋದಯದ ಹಿಂದಿನ ಒಂದು ಗಂಟೆ, ಕೆಲವೊಮ್ಮೆ ಸೂರ್ಯ ಹುಟ್ಟಿದ ನಂತರದ ಅರ್ಧ ಗಂಟೆಯೂ ಸೇರಿ, ಇಡೀ ದಿನದ ಫಸಲು. ಆಮೇಲೆ ಥರ್ಮಾಸಿನ ಕಾಫಿ ಮುಗಿಸಿ ಮಲಗುವುದಷ್ಟೇ.

ಪೂರ್ವ ದಂಡೆಯಲ್ಲಿ ಇದೇ ಲೆಕ್ಕ ತಲೆಕೆಳಗು. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿ ಇನ್ನೂ ಸಂಜೆಯಾಗದಿರುವಾಗಲೇ ಸ್ಪೇನ್, ಅಲ್ಜೀರಿಯಾಗಳಲ್ಲಿ ರಾತ್ರಿ. ಚಳಿಗಾಲದಲ್ಲಿ ಸೂರ್ಯ ಮುಳುಗುವ ಮುನ್ನವೇ ಆ ದೇಶಗಳ ದನಿ ಏಳತೊಡಗುತ್ತದೆ. ಸೌದಿ ಅರೇಬಿಯಾದ 1521 ಕಿಲೋಹರ್ಟ್ಸ್ ಪ್ರೇಷಕ ಇಂಥ ಸಂಜೆಗಳ ಹಳೆಯ ಪರಿಚಿತ.

ಋತುವಿನದೂ ಒಂದು ಪಾಲಿದೆ. ಜಪಾನ್, ಕೊರಿಯಾ, ಚೀನಾಗಳಿಂದ ಅಮೆರಿಕಕ್ಕೆ ಬರುವ ಹಾದಿ ಅಲೂಷಿಯನ್ ದ್ವೀಪಗಳ ಕಡೆ ಉತ್ತರಕ್ಕೆ ವಾಲುತ್ತದೆ. ಸೌರಬಿರುಗಾಳಿ ಎದ್ದು ಧ್ರುವಪ್ರಭೆಯ ವಲಯ ಹಿಗ್ಗಿದರೆ ಆ ಹಾದಿ ಮುಚ್ಚಿಕೊಳ್ಳುತ್ತದೆ, ಭೂಕಾಂತದ ಸೂಚ್ಯಂಕ ತಗ್ಗಿದ್ದರೆ ತೆರೆದುಕೊಳ್ಳುತ್ತದೆ. ಹೀಗಾಗಿ ಸೂರ್ಯಕಲೆಗಳು ಕಡಿಮೆಯಿರುವ ವರ್ಷಗಳೆಂದರೆ ಇವರಿಗೆ ಸುಗ್ಗಿ. ಬಿರುಗಾಳಿಯ ಮರುದಿನವೂ ಬರಿಗೈಯಾಗಬೇಕಿಲ್ಲ. ಉತ್ತರದ ನಿಲಯಗಳು ಸತ್ತ ಜಾಗದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಏಳುತ್ತವೆ, ಏಕೆಂದರೆ ಅವುಗಳ ಹಾದಿ ಸಮಭಾಜಕ ದಾಟಿ ಬರುವಂಥದ್ದು, ಧ್ರುವವಲಯದ ಹಂಗಿಲ್ಲ. ಒರೆಗಾನ್ ದಂಡೆಯವರು ದಕ್ಷಿಣದ ಈ ನಿಲಯಗಳಿಗಾಗಿ ಜುಲೈ, ಆಗಸ್ಟ್ ತಿಂಗಳಲ್ಲೇ ಹೊರಡುತ್ತಾರೆ.

9 ಮತ್ತು 10

ಪ್ರಕೃತಿ ಇಷ್ಟು ಮಾಡಿಕೊಟ್ಟರೆ, ಕಡತಗಳ ಲೋಕವೂ ತಿಳಿಯದೆಯೇ ಒಂದು ಉಪಕಾರ ಮಾಡಿತು. 1975ರ ಜಿನೀವಾ ಒಪ್ಪಂದದಂತೆ ಯುರೋಪ್, ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾಗಳ ನಿಲಯಗಳು 1978ರ ನವೆಂಬರ್ 23ರಂದು 9 ಕಿಲೋಹರ್ಟ್ಸ್ ಅಂತರದ ಮೆಟ್ಟಿಲುಗಳಿಗೆ ಸರಿದವು. ಬೆಂಗಳೂರಿನ 612, ಧಾರವಾಡದ 765, ಭದ್ರಾವತಿಯ 675, ಮಂಗಳೂರಿನ 1089, ಯಾವುದನ್ನೇ 9ರಿಂದ ಭಾಗಿಸಿದರೂ ಶೇಷ ಉಳಿಯದಿರುವುದು ಅದಕ್ಕೇ. ಅಮೆರಿಕ ಖಂಡಗಳು ಹಳೆಯ 10 ಕಿಲೋಹರ್ಟ್ಸ್ ಅಂತರವನ್ನೇ ಉಳಿಸಿಕೊಂಡವು. ಪರಿಣಾಮವಾಗಿ ಜಪಾನಿನ 774 ಕಿಲೋಹರ್ಟ್ಸ್ ನಿಲಯ ಅಮೆರಿಕದ 770 ಮತ್ತು 780ರ ನಡುವಿನ ಖಾಲಿ ಸಂದಿಯಲ್ಲಿ ಬಂದು ಕೂರುತ್ತಿತ್ತು. ಡಯಲನ್ನು ಅತ್ತಿತ್ತ ತಿರುಗಿಸುವಾಗ 770ರ ಮೇಲೆ 4 ಕಿಲೋಹರ್ಟ್ಸ್‌ನ ಸಣ್ಣ ಸಿಳ್ಳೆ ಕೇಳಿದರೆ ಅಲ್ಲಿ ಏಷ್ಯಾದ ಅತಿಥಿಯೊಬ್ಬ ಇದ್ದಾನೆಂದೇ ಅರ್ಥ. ಮಾತು ಕೇಳಿಸುವುದು ಆಮೇಲೆ. 630, 720, 810 ಹೀಗೆ 90 ಕಿಲೋಹರ್ಟ್ಸಿಗೊಮ್ಮೆ ಮಾತ್ರ ಎರಡೂ ಲೆಕ್ಕ ಒಂದೇ ಅಂಕಿಯಲ್ಲಿ ಕೂಡುತ್ತವೆ. ಅಲ್ಲಿ ಸಾಗರದಾಚೆಯದನ್ನು ಹಿಡಿಯುವುದು ಪಳಗಿದವರಿಗೂ ಕಷ್ಟ.

ಆರ್ಡ್ರೋಸನ್‌ನ ಡೇರೆ

ಮೊದಲ ನಿಜವಾದ ಕಡಲತೀರದ ಡಿಎಕ್ಸ್‌ಪೆಡಿಷನ್ ಯಾವುದೆಂದು ಕೇಳಿದರೆ 1921ರ ಡಿಸೆಂಬರಿನದನ್ನು ಹೇಳಬೇಕು. ಅಮೆರಿಕದ ಹವ್ಯಾಸಿ ಪ್ರೇಷಕಗಳು ಅಟ್ಲಾಂಟಿಕ್ ದಾಟಬಲ್ಲವೇ ಎಂದು ಪರೀಕ್ಷಿಸಲು ಆ ದೇಶದ ಹವ್ಯಾಸಿಗಳ ಒಕ್ಕೂಟ ಪಾಲ್ ಗಾಡ್ಲಿ ಎಂಬ ತಜ್ಞನನ್ನು ರಿಸೀವರ್ ಸಮೇತ ಬ್ರಿಟನ್ನಿಗೆ ಕಳಿಸಿತು. ಆತ ಆರಿಸಿಕೊಂಡದ್ದು ಸ್ಕಾಟ್‌ಲೆಂಡಿನ ಪಶ್ಚಿಮ ಕರಾವಳಿಯ ಆರ್ಡ್ರೋಸನ್ ಊರಿನ ಕಡಲ ಬದಿಯ ಒಂದು ಒದ್ದೆ ಹೊಲವನ್ನು. ಡಿಸೆಂಬರಿನ ಮಳೆಗಾಳಿಯಲ್ಲಿ ಡೇರೆ ಹೊಡೆದು, ಸುಮಾರು 400 ಮೀಟರ್ ಉದ್ದದ ತಂತಿಯನ್ನು ಅಮೆರಿಕದ ದಿಕ್ಕಿಗೆ ಎಳೆದು, ಸೂಪರ್‌ಹೆಟರೊಡೈನ್ ರಿಸೀವರಿನ ಮುಂದೆ ಆತ ರಾತ್ರಿಯೆಲ್ಲ ಕೂತ. ಎರಡು ಡಜನ್ನಿಗೂ ಹೆಚ್ಚು ಅಮೆರಿಕನ್ ಹವ್ಯಾಸಿಗಳ ಸಂಜ್ಞೆ ದಕ್ಕಿತು. ಅವುಗಳಲ್ಲಿ ಹೆಸರಾದದ್ದು ಕನೆಟಿಕಟ್‌ನ ಗ್ರೆನಿಚ್‌ನಲ್ಲಿದ್ದ 1ಬಿಸಿಜಿ ಎಂಬ ನಿಲಯ. ಅದನ್ನು ಕಟ್ಟಿದವರಲ್ಲಿ ರೇಡಿಯೊ ಸಂಶೋಧಕ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಒಬ್ಬ. ಅವರು ಬಳಸಿದ 200 ಮೀಟರ್ ಮೇಲ್ಪಟ್ಟ ತರಂಗಗಳಲ್ಲಿ ಬಹುಪಾಲು ಇಂದಿನ ಮೀಡಿಯಂ ವೇವ್ ಪಟ್ಟಿಯ ಮೇಲ್ತುದಿಯವು.

ಗಾಡ್ಲಿ ಎಳೆದ ತಂತಿ ಹ್ಯಾರಲ್ಡ್ ಬೆವರೇಜ್ ಎಂಬ ಅಮೆರಿಕನ್ ಎಂಜಿನಿಯರ್ ಕಂಡುಹಿಡಿದ ಆಂಟೆನಾ. ಅದಕ್ಕೆ ಪೇಟೆಂಟ್ ಸಿಕ್ಕದ್ದೂ 1921ರಲ್ಲೇ. ನೆಲದಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ಹಾಯುವ, ತರಂಗದ ಉದ್ದಕ್ಕಿಂತ ಕಡಿಮೆಯಿರದ ಬರೀ ತಂತಿ; ದೂರದ ತುದಿಯನ್ನು ರೋಧಕವೊಂದರ ಮೂಲಕ ಭೂಮಿಗೆ ಇಳಿಸಿದರೆ ಅದು ಒಂದೇ ದಿಕ್ಕಿನ ದನಿಯನ್ನು ಹಿಡಿದು ಉಳಿದದ್ದನ್ನು ತಳ್ಳುತ್ತದೆ. ಇದರಲ್ಲೊಂದು ತಮಾಷೆಯಿದೆ. ಬೆವರೇಜ್ ತಂತಿ ಕೆಲಸ ಮಾಡುವುದು ಕೆಳಗಿನ ನೆಲ ಕಳಪೆ ವಾಹಕವಾಗಿದ್ದಾಗ. ಆಗ ತರಂಗ ತುಸು ಮುಂದಕ್ಕೆ ಬಾಗಿ ತಂತಿಯುದ್ದಕ್ಕೂ ಶಕ್ತಿ ತುಂಬುತ್ತದೆ. ಅಲೆ ತೋಯಿಸುವ ಉಪ್ಪು ಮರಳಿನ ಮೇಲೆ ಎಳೆದರೆ ಅದರ ಅರ್ಧ ಬಲ ಹೋಯಿತು. ತರಂಗಕ್ಕೆ ಒಳ್ಳೆಯ ನೆಲ ತಂತಿಗೆ ಕೆಟ್ಟದ್ದು! ಅದಕ್ಕೇ ಅನುಭವಿಗಳು ಅದನ್ನು ನೀರಂಚಿನಲ್ಲಿ ಹಾಕದೆ ಒಣ ಮರಳುದಿಬ್ಬಗಳ ಹಿಂದಕ್ಕೆ ಎಳೆಯುತ್ತಾರೆ.

1920ರ ದಶಕದಲ್ಲಿ ದೂರ ಕೇಳುವುದು ಹುಚ್ಚರ ಹವ್ಯಾಸವಾಗಿರದೆ ಮನೆಮನೆಯ ಆಟವಾಗಿತ್ತು. ಷಿಕಾಗೋದ ನಿಲಯಗಳು ಸೋಮವಾರ ರಾತ್ರಿ ತಾವಾಗಿ ಬಾಯಿ ಮುಚ್ಚಿಕೊಂಡು, ಊರವರಿಗೆ ದೂರದ ನಿಲಯ ಕೇಳಲು ಅವಕಾಶ ಕೊಡುತ್ತಿದ್ದವು. 1923ರಿಂದ ಕೆಲವು ವರ್ಷ ಅಮೆರಿಕ ಮತ್ತು ಯುರೋಪಿನ ನಿಲಯಗಳು ಗೊತ್ತುಮಾಡಿದ ವಾರದಲ್ಲಿ ಸರದಿಯಂತೆ ಮೌನ ವಹಿಸಿ ಪರಸ್ಪರ ಆಲಿಸುವ ಪರೀಕ್ಷೆಗಳೂ ನಡೆದವು. ಜಾಹೀರಾತು ಬಂದ ಮೇಲೆ ಮೌನಕ್ಕೆ ಯಾರೂ ಒಪ್ಪಲಿಲ್ಲ. ಅಳಿದುಳಿದ ಆಸಕ್ತರು ಸಂಘ ಕಟ್ಟಿಕೊಂಡರು: ಅಮೆರಿಕದಲ್ಲಿ 1933ರ ನ್ಯಾಷನಲ್ ರೇಡಿಯೊ ಕ್ಲಬ್ ಮತ್ತು 1964ರ ಇಂಟರ್‌ನ್ಯಾಷನಲ್ ರೇಡಿಯೊ ಕ್ಲಬ್ ಆಫ್ ಅಮೆರಿಕ, ಬ್ರಿಟನ್ನಿನಲ್ಲಿ 1954ರ ಮೀಡಿಯಂ ವೇವ್ ಸರ್ಕಲ್.

ಹೆಸರಾದ ದಂಡೆಗಳು

ವಾಷಿಂಗ್ಟನ್ ರಾಜ್ಯದ ಗ್ರೇಲ್ಯಾಂಡ್ ಕ್ರ್ಯಾನ್‌ಬೆರಿ ಬೆಳೆಯುವ ಚಿಕ್ಕ ಊರು. ಹೊರಗಿನವರಿಗೆ ಅದರ ಹೆಸರು ಗೊತ್ತಿರುವುದು ಕಡಿಮೆ, ಮೀಡಿಯಂ ವೇವ್ ಹವ್ಯಾಸಿಗಳಿಗೆ ಮಾತ್ರ ಅದು ಕ್ಷೇತ್ರ. ಚಪ್ಪಟೆಯಾದ ಉದ್ದನೆಯ ಮರಳುದಂಡೆ, ಪಶ್ಚಿಮಕ್ಕೆ ಜಪಾನಿನವರೆಗೆ ನೀರು, ದಿಬ್ಬದ ಹಿಂದೆ ಅಗ್ಗದ ವಸತಿ. ಮರಳಿನ ಮೇಲೆ ಕಾರು ಓಡಿಸಲು ಕಾನೂನೇ ಅವಕಾಶ ಕೊಟ್ಟಿರುವುದರಿಂದ ಸಾಮಾನು ಹೊರುವ ಕಷ್ಟವೂ ಕಡಿಮೆ. ದಶಕಗಳಿಂದ ಶರತ್ಕಾಲದಲ್ಲಿ ಅಲ್ಲಿ ಎರಡು ಮೂರು ಜನರ ತಂಡಗಳು ಬೀಡು ಬಿಡುತ್ತ ಬಂದಿವೆ. ದೂರ ಟೋಕಿಯೊಕ್ಕೆ ಸುಮಾರು 7,500 ಕಿಲೋಮೀಟರ್. ತೆರೆಯ ಬಗ್ಗೆ ಮಾತ್ರ ಎಚ್ಚರ ಬೇಕು: ಆ ಕರಾವಳಿಯಲ್ಲಿ ಮುನ್ಸೂಚನೆಯಿಲ್ಲದೆ ಮೇಲಕ್ಕೇರುವ ದೊಡ್ಡ ಅಲೆಗಳು ದಂಡೆಯ ಭಾರಿ ಮರದ ದಿಮ್ಮಿಗಳನ್ನು ಎತ್ತಿ ಉರುಳಿಸಬಲ್ಲವು.

ಇನ್ನೂ ದಕ್ಷಿಣಕ್ಕೆ, ಒರೆಗಾನಿನ ಮ್ಯಾನ್ಜನೀಟಾ ಬಳಿ 101ನೆಯ ಹೆದ್ದಾರಿ ನಿಯಾಕಾನಿ ಬೆಟ್ಟದ ಕಡಿದಾದ ಬಂಡೆಯನ್ನು ಕೊರೆದು ಸಾಗುತ್ತದೆ. ನೇರ ಕೆಳಗೆ ಕಡಲು. ರಸ್ತೆ ಬದಿಯ ತಂಗುದಾಣಗಳಲ್ಲಿ ತಂತಿ ಎಳೆಯಲು ಜಾಗವಿಲ್ಲ; ಅಲ್ಲಿ ಫೆರೈಟ್ ಸರಳುಗಳನ್ನು ಕೊಳವೆಯ ಸುತ್ತ ಜೋಡಿಸಿ ಅವುಗಳ ಮೇಲೆ ತಂತಿ ಸುತ್ತಿದ ದಪ್ಪ ಆಂಟೆನಾಗಳನ್ನು ಕಂಬದ ಮೇಲಿಟ್ಟು ಕೇಳುತ್ತಾರೆ. ಬಂಡೆಯ ಗೋಡೆ ಹಿಂದಿನ ಗದ್ದಲವನ್ನು ತಡೆಯುತ್ತದೆಂಬುದು ಅಲ್ಲಿಗೆ ಹೋದವರ ನಂಬಿಕೆ. ನ್ಯೂಜಿಲೆಂಡಿನ ಸಣ್ಣ ನಿಲಯಗಳು ಆ ಬಂಡೆಯ ಮೇಲೆ ಸಿಕ್ಕಿರುವುದಂತೂ ನಿಜ.

ಅಟ್ಲಾಂಟಿಕ್ ಕಡೆ ನ್ಯೂಫೌಂಡ್‌ಲ್ಯಾಂಡಿನ ಕ್ಯಾಪಹೇಡನ್, ಸ್ಕಾಟ್‌ಲೆಂಡಿನ ವಾಯವ್ಯ ಮೂಲೆಯ ಶೀಗ್ರ ಹಳೆಯ ತಾಣಗಳು. ನಾರ್ವೆಯ ಉತ್ತರ ತುದಿಯ ಕಾಂಗ್ಸ್‌ಫ್ಯೂರ್ಡ್ ಇವೆಲ್ಲಕ್ಕಿಂತ ಭಿನ್ನ. 70 ಡಿಗ್ರಿ ಅಕ್ಷಾಂಶಕ್ಕೂ ಮೇಲೆ, ಬ್ಯಾರೆಂಟ್ಸ್ ಸಮುದ್ರದ ಮೇಲಿರುವ ಆ ಹಳ್ಳಿಯಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಡಿ ಪದರ ಇಲ್ಲದ ಹಗಲು! ಅಲ್ಲಿ ಧ್ರುವದ ಮೇಲಿಂದ ಅಲಾಸ್ಕ, ಕ್ಯಾಲಿಫೋರ್ನಿಯಾ ನಿಲಯಗಳು ಗಂಟೆಗಟ್ಟಲೆ ಕೇಳಿಸುತ್ತವೆ. ಉತ್ತರ ಯುರೋಪಿನ ಕೇಳುಗರ ಪಟ್ಟಿಗಳಲ್ಲಿ ಆಕಾಶವಾಣಿಯ ಹೆಸರೂ ಅಪರೂಪವಲ್ಲ. ನೆರೆದೇಶಕ್ಕೆಂದು ಕಟ್ಟಿದ 1,000 ಕಿಲೋವ್ಯಾಟಿನ ರಾಜಕೋಟ್ ಪ್ರೇಷಕ, 1071 ಕಿಲೋಹರ್ಟ್ಸ್‌ನಲ್ಲಿ, ಅಷ್ಟು ದೂರಕ್ಕೂ ಮುಟ್ಟಿದೆ.

ರೇಡಿಯೊ ಪೆಟ್ಟಿಗೆ

ಬಹುಕಾಲ ಇದು ಭಾರದ ಹವ್ಯಾಸ. ಕಾಲಿನ್ಸ್ ಸಂಸ್ಥೆ ಅಮೆರಿಕದ ಸೇನೆಗಾಗಿ ರೂಪಿಸಿದ ಆರ್-390ಎ ವಾಲ್ವ್ ರಿಸೀವರನ್ನು ಇಬ್ಬರು ಹಿಡಿದು ಎತ್ತಬೇಕು. 1985ರಲ್ಲಿ ಬಂದ ಸೋನಿಯ ಐಸಿಎಫ್-2010 ಆ ಭಾರವನ್ನು ಕೈಚೀಲಕ್ಕೆ ಇಳಿಸಿತು. 2008ರ ಸುಮಾರಿಗೆ ಎರಡು ವಿರುದ್ಧ ದಿಕ್ಕಿನ ಬದಲಾವಣೆಗಳು ಒಟ್ಟಿಗೆ ಬಂದವು. ಒಂದು ಕಡೆ, ಅಂಗೈಯಲ್ಲಿ ಅಡಗುವ ಸೋನಿ ಎಸ್‌ಆರ್‌ಎಫ್-59ರಂಥ ಅಗ್ಗದ ಜೇಬು ರೇಡಿಯೊದಿಂದಲೇ ಸಾಗರದಾಚೆಯದನ್ನು ಹಿಡಿಯುವ ಪಂಥ. ಇನ್ನೊಂದು ಕಡೆ ಇಟಲಿಯ ಪರ್ಸಿಯಸ್‌ನಂಥ, ಕಂಪ್ಯೂಟರಿಗೆ ಜೋಡಿಸುವ ಸಾಫ್ಟ್‌ವೇರ್ ರೇಡಿಯೊ. ಇದು ಒಂದು ನಿಲಯವನ್ನಲ್ಲ, ಇಡೀ ಮೀಡಿಯಂ ವೇವ್ ಪಟ್ಟಿಯನ್ನೇ ಒಮ್ಮೆಗೆ ಧ್ವನಿಮುದ್ರಿಸುತ್ತದೆ. ಗಂಟೆಗೆ ಹತ್ತಾರು ಗಿಗಾಬೈಟ್. ಬೆಳಗಿನ ಒಂದು ಗಂಟೆಯನ್ನು ಮನೆಗೆ ಹೊತ್ತೊಯ್ದು ಒಂದೊಂದೇ ಆವರ್ತಾಂಕವನ್ನು ತಿರುಗಿಸಿ ತಿಂಗಳುಗಟ್ಟಲೆ ಕೇಳಬಹುದು.

ಇದರಿಂದ ದಾಖಲೆಗಳ ಸಂಖ್ಯೆ ಬೆಳೆಯಿತು, ಹವ್ಯಾಸದ ಸ್ವರೂಪ ಬದಲಾಯಿತು. ಮೊದಲು, ನಿಲಯಗಳು ಹೆಸರು ಹೇಳುವ ಗಂಟೆ ಹೊಡೆಯುವಾಗ 774ರಲ್ಲಿ ಕೂರುವುದೋ 1566ರಲ್ಲೋ ಎಂದು ಆರಿಸಲೇಬೇಕಿತ್ತು, ತಪ್ಪಿದ್ದು ತಪ್ಪಿತು. ಈಗ ಯಾವುದೂ ತಪ್ಪುವುದಿಲ್ಲ. ಗಳಿಕೆ ದೊಡ್ಡದೇ, ಆದರೆ ಬೇಟೆ ಎನ್ನುವ ಪದಕ್ಕಿದ್ದ ಹಕ್ಕು ಜೇಬು ರೇಡಿಯೊದವರ ಪಾಲಿಗೇ ಹೋಗಿದೆ ಎನ್ನದೆ ಗತ್ಯಂತರವಿಲ್ಲ.

ಉಪಕರಣ ಯಾವುದೇ ಇರಲಿ, ಉಪ್ಪುಗಾಳಿ ಎಲ್ಲವನ್ನೂ ತಿನ್ನುತ್ತದೆ. ತಂತಿ ಸೇರುವ ಕನೆಕ್ಟರುಗಳು ಮೊದಲು ಹಸಿರುಗಟ್ಟುತ್ತವೆ.

ಗುರುತು ಹಿಡಿಯುವುದು

ದನಿ ಕೇಳಿದರೆ ಸಾಲದು, ಅದು ಯಾವ ನಿಲಯವೆಂದು ಖಚಿತವಾಗಬೇಕು. ಗಂಟೆ ತುಂಬುವ ಕ್ಷಣಕ್ಕಾಗಿ ಕಾಯುವುದು ಹಳೆಯ ಪದ್ಧತಿ, ಹೆಚ್ಚಿನ ನಿಲಯಗಳು ಹೆಸರು ಹೇಳುವುದು ಆಗಲೇ. ಜಪಾನಿನ ಸಾರ್ವಜನಿಕ ಬಾನುಲಿ ಎನ್‌ಎಚ್‌ಕೆಯ ವೇಳೆಸೂಚನೆ ಮೂರು ಸಣ್ಣ ಸ್ವರ, ಆಮೇಲೆ ಮೇಲಿನ ಸ್ಥಾಯಿಯಲ್ಲಿ ಒಂದು ಉದ್ದ ಸ್ವರ. ಬಿಬಿಸಿಯದು ಆರು ಬಡಿತ. ಆಕಾಶವಾಣಿಯಾದರೆ ವಾಲ್ಟರ್ ಕೌಫ್‌ಮನ್ ಸಂಯೋಜಿಸಿದ, ನಮ್ಮ ಅಜ್ಜಿಯಂದಿರಿಗೂ ಬಾಯಿಪಾಠವಿದ್ದ ಆ ಬೆಳಗಿನ ರಾಗವೇ ಸಾಕು.

ಇನ್ನೊಂದು ದಾರಿ ಜೋಡಿ ಹುಡುಕುವುದು. ಎನ್‌ಎಚ್‌ಕೆಯ ಎರಡನೆಯ ಜಾಲ ಸಪ್ಪೊರೊದ 747ರಲ್ಲೂ ಅಕಿತಾದ 774ರಲ್ಲೂ ಟೋಕಿಯೊದ 693ರಲ್ಲೂ ಒಂದೇ ಕಾರ್ಯಕ್ರಮ ಬಿತ್ತರಿಸುತ್ತಿತ್ತು. ಮೂರೂ 500 ಕಿಲೋವ್ಯಾಟಿನ ಪ್ರೇಷಕಗಳು. ಒಂದರಲ್ಲಿ ಕೇಳಿದ್ದು ಇನ್ನೊಂದರಲ್ಲೂ ಇದ್ದರೆ ಗುರುತು ಸಿಕ್ಕಂತೆ. ಈ ಜಾಲ ಭಾಷಾ ಪಾಠಗಳಿಗೆ ಹೆಸರಾದದ್ದು. ಅಮೆರಿಕದ ದಂಡೆಯಲ್ಲಿ ಮೊದಲ ಸಲ ಕೂತವರು ಇಂಗ್ಲಿಷ್ ಮಾತು ಕೇಳಿ, ಇದು ಇಲ್ಲಿನದೇ ಯಾವುದೋ ನಿಲಯವೆಂದು ಡಯಲ್ ತಿರುಗಿಸಿಬಿಡುತ್ತಿದ್ದುದುಂಟು. ಅದು ಜಪಾನೀ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಪಾಠವಾಗಿರುತ್ತಿತ್ತು. ದಕ್ಷಿಣ ಕೊರಿಯಾದ ಜೇಜು ದ್ವೀಪದ 1566, ಮಾರ್ಷಲ್ ದ್ವೀಪಗಳ ಮಜುರೊದ 1098, ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಎಮರಾಲ್ಡ್‌ನ 1548 ಇವೂ ಪೆಸಿಫಿಕ್ ದಂಡೆಯವರಿಗೆ ಚಿರಪರಿಚಿತ ಅಂಕಿಗಳು.

ಕೇಳಿದ್ದನ್ನು ಆವರ್ತಾಂಕ, ಗ್ರೀನಿಚ್ ವೇಳೆ, ಕಾರ್ಯಕ್ರಮದ ವಿವರಗಳೊಂದಿಗೆ ನಿಲಯಕ್ಕೆ ಬರೆದು ಕಳಿಸಿದರೆ ಅವರು ಖಚಿತಪಡಿಸಿ ಕ್ಯೂಎಸ್‌ಎಲ್ ಕಾರ್ಡ್ ಕಳಿಸುವ ರೂಢಿಯಿದೆ. ವಿಳಾಸ, ಶಕ್ತಿ, ಆವರ್ತಾಂಕಗಳಿಗೆ 1947ರಿಂದ ಬರುತ್ತಿರುವ ವರ್ಲ್ಡ್ ರೇಡಿಯೊ ಟಿವಿ ಹ್ಯಾಂಡ್‌ಬುಕ್ ಆಧಾರ. ಈಗ ಧ್ವನಿಮುದ್ರಿಕೆಯ ತುಣುಕನ್ನೇ ಇಮೇಲಿಗೆ ಲಗತ್ತಿಸುತ್ತಾರೆ. ಉತ್ತರ ಬರುವುದು ನಿಲಯದ ಎಂಜಿನಿಯರನ ಮನಸ್ಸಿನ ಮೇಲೆ ನಿಂತಿದೆ. ತನ್ನ ಪ್ರೇಷಕ ಅಷ್ಟು ದೂರ ಹೋಗಿದೆಯೆಂದು ತಿಳಿದು ಹಿಗ್ಗುವವರೂ ಇದ್ದಾರೆ, ಪತ್ರ ತೆರೆಯದವರೂ ಇದ್ದಾರೆ.

ಅರಬ್ಬಿ ಸಮುದ್ರದ ಕಡೆ

ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ, ಎದುರು ದಡದಲ್ಲಿ ಒಮಾನ್. ಗ್ರೇಲ್ಯಾಂಡಿನ ಲೆಕ್ಕ ಇಲ್ಲಿಗೂ ಸಣ್ಣ ಪ್ರಮಾಣದಲ್ಲಿ ಹೊಂದುತ್ತದೆ. ಕಾರವಾರಕ್ಕೂ ಒಮಾನಿನ ತೀರಕ್ಕೂ ರೇಖಾಂಶದಲ್ಲಿ ಸುಮಾರು 15 ಡಿಗ್ರಿ ಅಂತರ, ಅಂದರೆ ಸೂರ್ಯೋದಯದಲ್ಲಿ ಒಂದು ಗಂಟೆ. ಬೆಳಗಿನ ಜಾವ ಪೂರ್ವದ ಆಕಾಶ ಬಿಳುಪಾಗುವಾಗ ಪಶ್ಚಿಮದ ಹಾದಿ ಕತ್ತಲಲ್ಲೇ ಇರುತ್ತದೆ. ಒಮಾನಿನಿಂದ, ಮೊದಲು ಮಸೀರಾ ದ್ವೀಪದಿಂದ, ಆಮೇಲೆ ತೀರದ ಅಸೀಲಾದಿಂದ 1413 ಕಿಲೋಹರ್ಟ್ಸ್‌ನಲ್ಲಿ ಬರುತ್ತಿದ್ದ ಬಿಬಿಸಿಯ ಮರುಪ್ರಸಾರ ನಮ್ಮ ದಕ್ಷಿಣ ಏಷ್ಯಾವನ್ನೇ ಗುರಿಯಾಗಿ ಇಟ್ಟುಕೊಂಡದ್ದು; ಅದನ್ನು ಕೇಳುವುದು ಡಿಎಕ್ಸ್ ಎನಿಸದು. ಇರಾನ್, ಸೌದಿ ಅರೇಬಿಯಾಗಳ ಒಳನಾಡಿನ ನಿಲಯಗಳನ್ನು ಬೇರ್ಪಡಿಸಿ ಹೆಸರಿಸುವುದು ಡಿಎಕ್ಸ್.

ಆದರೆ ಇಲ್ಲಿ 9ಕ್ಕೂ 10ಕ್ಕೂ ಇರುವ ಅಂತರದ ಲಾಭವಿಲ್ಲ. ಅರಬ್ ದೇಶಗಳೂ ನಾವೂ ಒಂದೇ 9ರ ಮಗ್ಗಿಯಲ್ಲಿರುವುದರಿಂದ ಅವರ ನಿಲಯ ನಮ್ಮ ಯಾವುದೋ ನಿಲಯದ ನೆತ್ತಿಯ ಮೇಲೇ ಬರುತ್ತದೆ. ಅದನ್ನು ಸರಿದೂಗಿಸುವ ಒಂದು ಅನುಕೂಲವೆಂದರೆ ಆಕಾಶವಾಣಿಯ ನಿದ್ದೆ. ಪ್ರಾದೇಶಿಕ ನಿಲಯಗಳು ರಾತ್ರಿ ಹನ್ನೊಂದರ ಹೊತ್ತಿಗೆ ಮುಗಿಸಿ ಬೆಳಗ್ಗೆ ಆರಕ್ಕೆ ಸ್ವಲ್ಪ ಮುಂಚೆ ಏಳುವುದು ಹಳೆಯ ರೂಢಿ. ನಡುವಿನ ಆ ಹೊತ್ತಿನಲ್ಲಿ 612, 765ರಂಥ ಅಂಕಿಗಳಲ್ಲಿ ಏನು ಕೇಳಿಸುತ್ತದೆ ಎಂದು ನೋಡುವುದು ಕನ್ನಡ ಕರಾವಳಿಯ ಕೇಳುಗನಿಗೆ ಸಹಜವಾದ ಆರಂಭ. ಮಂಗಳೂರು ಆಕಾಶವಾಣಿಯ ಪ್ರೇಷಕವಿರುವುದು ಬ್ರಹ್ಮಾವರದಲ್ಲಿ. ಅದು ದನಿ ತೆಗೆದ ಮೇಲೆ ಆ ಸುತ್ತಿನ ದಂಡೆಯಲ್ಲಿ 1089ರ ಅಕ್ಕಪಕ್ಕ ಬೇರೇನೂ ಸಿಗದು. ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸಿಡಿಲಿನ ಕರಕರ ಸಾವಿರಾರು ಕಿಲೋಮೀಟರಿನಿಂದ ಬರುತ್ತದೆ. ನವೆಂಬರಿನಿಂದ ಫೆಬ್ರವರಿ ನಮ್ಮ ಹಂಗಾಮು.

ಸೂರ್ಯಾಸ್ತದ ಲೆಕ್ಕ ಬೇಕಾದವರು ಬಂಗಾಳ ಕೊಲ್ಲಿಯ ದಂಡೆಗೆ ಹೋಗಬೇಕು. ಚೆನ್ನೈಗಿಂತ ಥಾಯ್ಲೆಂಡಿನಲ್ಲಿ ಒಂದು ಗಂಟೆಗೂ ಹೆಚ್ಚು ಮುಂಚೆ ಕತ್ತಲಾಗುತ್ತದೆ.

ಮುಚ್ಚುವ ನಿಲಯಗಳು

ಈ ಹವ್ಯಾಸಕ್ಕೆ ದೊಡ್ಡ ಕುತ್ತು ಬಂದಿರುವುದು ನಿಲಯಗಳ ಕಡೆಯಿಂದ. ಒಂದು ಮೆಗಾವ್ಯಾಟ್ ಉರಿಸಿ ಮುಟ್ಟಿಸುತ್ತಿದ್ದುದನ್ನು ಎಫ್‌ಎಂ ಮತ್ತು ಮೊಬೈಲ್ ಅಗ್ಗದಲ್ಲಿ ಮುಟ್ಟಿಸುತ್ತವೆ. ಜರ್ಮನಿ ಮತ್ತು ಫ್ರಾನ್ಸಿನ ಸಾರ್ವಜನಿಕ ಬಾನುಲಿಗಳು 2015ರ ಕೊನೆಗೆ ಮೀಡಿಯಂ ವೇವ್ ಬಿಟ್ಟವು. ಬ್ರಿಟನ್ನಿನ ಆಬ್ಸಲ್ಯೂಟ್ ರೇಡಿಯೊ 2023ರ ಜನವರಿಯಲ್ಲಿ 1215ರಿಂದ ಹೊರಟಿತು; ಅದೇ ಜಾಗ ಅಮೆರಿಕದ ಪೂರ್ವ ದಂಡೆಯವರಿಗೆ ಅಟ್ಲಾಂಟಿಕ್ ತೆರೆದಿದೆಯೇ ಎಂದು ಮುಟ್ಟಿ ನೋಡುವ ಅಂಕಿಯಾಗಿತ್ತು. ಜಪಾನಿನ 47 ಖಾಸಗಿ ಎಎಂ ಸಂಸ್ಥೆಗಳಲ್ಲಿ 44 ಸಂಸ್ಥೆಗಳು 2028ರೊಳಗೆ ಎಫ್‌ಎಂಗೆ ಸರಿಯುವ ಗುರಿಯನ್ನು 2021ರಲ್ಲಿ ಸಾರಿದವು. ಎನ್‌ಎಚ್‌ಕೆ ತನ್ನ ಎರಡನೆಯ ಜಾಲದ ಮೀಡಿಯಂ ವೇವ್ ಪ್ರಸಾರವನ್ನು 2026ರ ಮಾರ್ಚ್ ಕೊನೆಗೆ ನಿಲ್ಲಿಸುವ ತೀರ್ಮಾನ ಪ್ರಕಟಿಸಿತು. ಆಕಾಶವಾಣಿಯೂ ಹಳೆಯ ಪ್ರೇಷಕಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದಿದೆ.

ದೊಡ್ಡ ನಿಲಯ ಎದ್ದುಹೋದ ಅಂಕಿ ಖಾಲಿ ಉಳಿಯುವುದಿಲ್ಲ. ಅದರ ಅಡಿಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿದ್ದ 5 ಅಥವಾ 10 ಕಿಲೋವ್ಯಾಟಿನ ಸಣ್ಣ ನಿಲಯಗಳು ಮೇಲೆ ಬರುತ್ತವೆ. ಆದ್ದರಿಂದ ದಂಡೆಯವರ ಪಟ್ಟಿಗಳು ಸದ್ಯಕ್ಕೆ ಕುಗ್ಗುತ್ತಿಲ್ಲ, ಅವುಗಳ ಒಳಗಿನ ಹೆಸರುಗಳು ಬದಲಾಗುತ್ತಿವೆ. ಸೂರ್ಯೋದಯಕ್ಕೆ ಹಾದಿ ತೆರೆದಿದೆಯೇ ಎಂದು ಒಂದು ಸೆಕೆಂಡಿನಲ್ಲಿ ಹೇಳಿಬಿಡುತ್ತಿದ್ದ ದೈತ್ಯರು ಇಲ್ಲವಾದ ಮೇಲೆ, ಅದನ್ನು ಪರದೆಯ ಮೇಲೆ ಮೂಡುವ ವಾಹಕ ತರಂಗಗಳ ಮಸುಕು ಗೆರೆಗಳನ್ನು ನೋಡಿ ಅಂದಾಜು ಮಾಡಬೇಕಾಗಿದೆ.